ಮುಯ್ಯಿ ಮುರಿದ ಸಾಹೇಬ

ನಿವೃತ್ತಿಯಾದ ಮೇಲೆ ನಮ್ಮ ಹಳೆಯ ಸಾಹೇಬ ಊರೂರು ತಿರುಗಿ ಭಾಷಣ ಮಾಡುತ್ತಿದ್ದಾನೆ ಎಂದು ಮೊಮ್ಮಗಳು ಹೇಳಿದಾಗ ನಾನು ನಂಬಿರಲಿಲ್ಲ. ಹೋದ ಭಾನುವಾರ ಈ ತೆಲುಗು ಊರಿನ ನಮ್ಮ ಕನ್ನಡ ಸಂಘದವರೇ ಕರೆಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಕೈಕೆಳಗಿನ ಜನರನ್ನು ನಡೆಸಿಕೊಳ್ಳುವುದು ಹೇಗೆ ಎಂದು ಮಾತಾಡಿಸಿದರು. ಕೊಂಡಾಪುರದ ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ಫೋನು ಎತ್ತಿ ಹಿಡಿದು ಅದನ್ನೆಲ್ಲ ತುಂಬಿಕೊಂಡರು. "ನನ್ನ ಅಡುಗೆಮನೆಯಲ್ಲಿ ಒಬ್ಬ ಹೆಣ್ಣುಮಗಳೂ ತಡವಾಗಿ ಬರುತ್ತಿರಲಿಲ್ಲ, ಯಾಕೆಂದರೆ ಅವರು ನನ್ನನ್ನು ಪ್ರೀತಿಸುತ್ತಿದ್ದರು" ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ಕೈ ಮಾಡಿ, "ಇವರು ಆಗ ನನ್ನ ಟೀಮಿನಲ್ಲಿದ್ದವರು, ಇವರನ್ನೇ ಕೇಳಿ" ಎಂದ. ಸಭೆ ಚಪ್ಪಾಳೆ ತಟ್ಟಿತು. ನನ್ನನ್ನು ಯಾರೂ ಕೇಳಲಿಲ್ಲ.

ಸಭೆ ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಹುಡುಗ ಬಂದು, ಸ್ಮರಣ ಸಂಚಿಕೆಗೆ ಆತನ ಬಗ್ಗೆ ಒಂದೆರಡು ಪುಟ ಬರೆದುಕೊಡಿ ಅಜ್ಜಿ ಎಂದ.

"ಒಳ್ಳೇದಷ್ಟ ಬರೀಬೇಕೇನಪಾ?" ಎಂದು ಕೇಳಿದೆ.

"ನಿಮ್ಮ ಅನುಭವ ಬರೀರಿ ಸಾಕು" ಎಂದ.

ಅನುಭವವನ್ನೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಆತನೊಬ್ಬನೇ ಹೀಗಿದ್ದ ಎಂದುಕೊಂಡು ತಮ್ಮ ತಮ್ಮ ಸಾಹೇಬರನ್ನು ಮರೆತುಬಿಡುತ್ತಾರೆ.

ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಬೆಳಿಗ್ಗೆ ಕಂಡ ಗುಡ್ಡ ಸಂಜೆಗೆ ಇರುತ್ತಿರಲಿಲ್ಲ. ನನ್ನ ಗಂಡ ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತರಾಗಿ ಮನೆಯಲ್ಲಿ ಕೂತು, ಪೇಪರಿನಲ್ಲಿ ಓದಿದ್ದನ್ನೆಲ್ಲ ನನಗೆ ಓದಿ ಹೇಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ನಾನು ಕೆಲಸಕ್ಕೆ ಸೇರಿದೆ. ಸಾಫ್ಟ್‌ವೇರ್ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆ. ತಗಡಿನ ಶೆಡ್ಡು. ಅಲ್ಲಿ ಅನ್ನ, ಸಾಂಬಾರು, ಪಲ್ಯ ಮಾಡುವವರು ಬೇರೆ, ಜೋಳದ ರೊಟ್ಟಿ ಬಡಿಯುವವರು ಬೇರೆ. ರೊಟ್ಟಿಯವರೆಲ್ಲ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹೆಣ್ಣುಮಕ್ಕಳು. ಅವರ ಗಂಡಂದಿರು ಆ ಗಾಜಿನ ಕಟ್ಟಡಗಳಿಗೆ ಕಾಂಕ್ರೀಟು ಹೊರುತ್ತಿದ್ದರು, ಇವರು ಅದರೊಳಗೆ ಕೂರುವವರಿಗೆ ರೊಟ್ಟಿ ಬಡಿಯುತ್ತಿದ್ದರು. ನನಗೆ ನಾಲ್ಕಕ್ಷರ ಓದಲು ಬರುತ್ತಿತ್ತು, ನಾಲಿಗೆಯೂ ಚುರುಕಿತ್ತು. ಅದಕ್ಕೇ ರೊಟ್ಟಿ ಸಾಲಿಗೆ ನನ್ನನ್ನು ಮುಖ್ಯಳನ್ನಾಗಿ ಮಾಡಿದ್ದರು.

ಅಲ್ಲಿಗೆ ಮ್ಯಾನೇಜರನಾಗಿ ಆತ ಬಂದ. ಬೆಂಗಳೂರಿನವ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಮೈಗೆ ಹೂವಿನಂಥ ವಾಸನೆ. ಬಂದ ದಿನವೇ ಎಲ್ಲರನ್ನೂ ಸುತ್ತ ನಿಲ್ಲಿಸಿ ಕೈ ಜೋಡಿಸಿದ.

"ನೋಡಿ ಅಮ್ಮಾ, ಇವತ್ತಿನಿಂದ ನಾನು ಸಾಹೇಬ ಅಲ್ಲ, ನೀವು ಕೆಲಸದವರಲ್ಲ. ನಾವೆಲ್ಲ ಒಂದೇ ಕುಟುಂಬ."

ನಮ್ಮ ಸಾಲಿನಲ್ಲಿ ತಾರಾಬಾಯಿ ಎಂಬವಳಿದ್ದಳು. ಬೀದರಿನವಳು, ಬಾಯಿಬಡುಕಿ. ನನ್ನ ಕಿವಿಯಲ್ಲಿ, "ಯಕ್ಕಾ, ಕುಟುಂಬ ಅಂದ್ರ ಇಂವ ಅತ್ತಿನೋ, ಸೊಸಿನೋ?" ಎಂದಳು.

ಅತ್ತೆಯೇ ಎಂದು ಆ ವಾರವೇ ತಿಳಿಯಿತು. ಸಾಂಬಾರಿನ ಹಂಡೆಗೆ ಉಪ್ಪು ಹಾಕುವ ಕೆಲಸ ನರಸಯ್ಯ ಎಂಬ ಅಡುಗೆಯವನದು. ಆತ ತೆಲುಗಿನವ, ವರ್ಷಗಟ್ಟಲೆ ಮಾಡಿದ ಕೈ. ಸಾಹೇಬ ದಿನವೂ ಬಂದು ಚಮಚದಲ್ಲಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಸ್ವಲ್ಪ ಕಮ್ಮಿ" ಎಂದು ತಾನೇ ಒಂದು ಹಿಡಿ ಹಾಕುತ್ತಿದ್ದ. ನರಸಯ್ಯ ಕೆಲವು ದಿನ ಮೊದಲೇ ಕಮ್ಮಿ ಹಾಕಿ ನೋಡಿದ. ಸಾಹೇಬ ಆಗಲೂ ಒಂದೇ ಹಿಡಿ ಹಾಕಿದ. ನರಸಯ್ಯ ಜಾಸ್ತಿ ಹಾಕಿ ನೋಡಿದ. ಆಗಲೂ "ಸ್ವಲ್ಪ ಕಮ್ಮಿ." ಕೊನೆಗೆ ನರಸಯ್ಯ ಉಪ್ಪು ಹಾಕುವುದನ್ನೇ ಬಿಟ್ಟುಬಿಟ್ಟ, ಹೇಗೂ ಸಾಹೇಬ ನೋಡುತ್ತಾನಲ್ಲ ಎಂದು. ಒಂದು ದಿನ ಸಾಹೇಬನಿಗೆ ನೆಗಡಿ, ನಾಲಿಗೆಗೆ ರುಚಿ ತಿಳಿಯಲಿಲ್ಲ. ಅಂದು "ಪರ್ಫೆಕ್ಟ್" ಎಂದು ಬೆನ್ನು ತಟ್ಟಿದ. ಉಪ್ಪೇ ಇಲ್ಲದ ಸಾಂಬಾರು ಹಂಡೆಗಟ್ಟಲೆ ಮಾದಾಪುರಕ್ಕೆ ಹೋಗಿ ಹಾಗೇ ತಿರುಗಿ ಬಂತು. ಬೈಸಿಕೊಂಡವನು ನರಸಯ್ಯ. ಅವನು ತಲೆ ತಗ್ಗಿಸಿ ನಿಂತು ಬೈಸಿಕೊಂಡು, ಆಚೆ ಬಂದು ಬೀಡಿ ಹಚ್ಚಿ ನಕ್ಕ. ಕೆಲಸ ಬಲ್ಲವನ ಕೈಯಿಂದ ಕೆಲಸ ಕಿತ್ತುಕೊಂಡರೆ ಅವನು ಹೀಗೇ ನಗುತ್ತಾನೆ. ಆ ನಗೆ ಸಾಹೇಬನಿಗೆ ಕೇಳಿಸಲಿಲ್ಲ.

ಆತನ ತಲೆಯಲ್ಲಿ ಯಾವ ಪುಸ್ತಕ ಇತ್ತೋ, ತಿಂಗಳಿಗೊಂದು ಹೊಸದು ತರುತ್ತಿದ್ದ. ಒಮ್ಮೆ ನಮ್ಮನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ, ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಇನ್ನೊಬ್ಬರು ಹಿಡಿಯಬೇಕು, ಅದರಿಂದ ನಂಬಿಕೆ ಬೆಳೆಯುತ್ತದೆ ಎಂದ. "ಸಾಹೇಬ್ರ, ಬಿದ್ದರ ನಂಬಿಕಿ ಬೆಳಿಯೂದಿಲ್ರಿ, ಸೊಂಟ ಹಿಡೀತೈತಿ" ಎಂದಳು ತಾರಾಬಾಯಿ. ಇನ್ನೊಮ್ಮೆ ತಿಂಗಳ ಉತ್ತಮ ಕೆಲಸಗಾರ್ತಿ ಎಂದು ಮಲ್ಲಮ್ಮ ಎಂಬವಳ ಫೋಟೋ ದೊಡ್ಡದು ಮಾಡಿಸಿ, ಗೋಡೆಗೆ ಹಾಕಿ, ಮಲ್ಲಿಗೆ ಹಾರ ಹಾಕಿಸಿದ. ಬೆಳಿಗ್ಗೆ ಬಂದ ಮಲ್ಲಮ್ಮ ತನ್ನ ಫೋಟೋಕ್ಕೇ ಹಾರ ಹಾಕಿದ್ದು ನೋಡಿ ಬಾಗಿಲಲ್ಲೇ ಕುಸಿದು ಕೂತಳು. ಹಾರ ಹಾಕುವುದು ಸತ್ತವರ ಫೋಟೋಕ್ಕೆ ಎಂದು ಬೆಂಗಳೂರಿನಲ್ಲಿ ಗೊತ್ತಿರುವುದಿಲ್ಲವೇ? ಅವಳ ಅತ್ತೆ ಬಂದು ಫೋಟೋ ಕಿತ್ತುಕೊಂಡು, ದೃಷ್ಟಿ ತೆಗೆದು, ಮೆಣಸಿನಕಾಯಿ ಸುಟ್ಟಳು. ಶೆಡ್ಡಿನ ತುಂಬ ಘಾಟು. ಸಾಹೇಬ ಕೆಮ್ಮುತ್ತ, "ಮೋಟಿವೇಶನ್ ಅಮ್ಮಾ, ಮೋಟಿವೇಶನ್" ಎಂದ.

ಇವೆಲ್ಲ ನಗುವ ಮಾತಾಯಿತು. ನಗಲಾರದ್ದು ಮುಯ್ಯಿಯ ಮಾತು.

ಮುಯ್ಯಿ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪೇಟೆಯಲ್ಲಿ ಹುಟ್ಟಿದವರಿಗೆ ಹೇಳುತ್ತೇನೆ. ಹೊಲದಲ್ಲಿ ಇಂದು ನಾನು ನಿನ್ನ ಕಳೆ ತೆಗೆದರೆ, ನಾಳೆ ನೀನು ನನ್ನ ಕಳೆ ತೆಗೆಯುತ್ತೀ. ಕೂಲಿ ಇಲ್ಲ, ಬರಹ ಇಲ್ಲ, ಮರೆಯುವಂತೆಯೂ ಇಲ್ಲ. ಈ ಹೆಣ್ಣುಮಕ್ಕಳು ಊರಿಂದ ಬರುವಾಗ ರೊಟ್ಟಿಯ ಹಂಚಿನ ಜೊತೆ ಅದನ್ನೂ ತಂದಿದ್ದರು. ಒಬ್ಬಳ ಕೂಸಿಗೆ ಜ್ವರ ಬಂದರೆ ಪಕ್ಕದವಳು ಸರಿದು ಕೂತು ಅವಳ ಪಾಲಿನ ಹಿಟ್ಟನ್ನೂ ಬಡಿಯುತ್ತಿದ್ದಳು. ಆಮೇಲೊಂದು ದಿನ ಅವಳು ಇವಳದನ್ನು ತೀರಿಸುತ್ತಿದ್ದಳು. ಗಾಡಿ ಬರುವ ಹೊತ್ತಿಗೆ ರೊಟ್ಟಿ ಲೆಕ್ಕಕ್ಕೆ ಸರಿ ಇರುತ್ತಿತ್ತು. ಹಿಂದಿನ ಮ್ಯಾನೇಜರನಿಗೆ ಇದೆಲ್ಲ ಗೊತ್ತಿತ್ತು. ಅವನು ಒಂದು ಮಾತೂ ಆಡಿರಲಿಲ್ಲ. ಅವನೇನು ಬಹಳ ಜಾಣನಲ್ಲ, ಸೋಮಾರಿ. ಕೆಲವು ಸಲ ಸೋಮಾರಿ ಸಾಹೇಬನೇ ವಾಸಿ.

ಆ ಮುಯ್ಯಿಯ ಮೇಲೆ ನಿಂತವಳು ಕಾಶವ್ವ. ಅವಳ ಗಂಡ ಕಟ್ಟಡದ ಸಾರವೆಯಿಂದ ಬಿದ್ದು ಸೊಂಟದ ಕೆಳಗೆ ಜೀವವಿಲ್ಲದೆ ಮಲಗಿದ್ದ. ಬೆಳಿಗ್ಗೆ ಅವನನ್ನು ತೊಳೆದು, ಬಟ್ಟೆ ಬದಲಿಸಿ, ಮಗ್ಗುಲು ಹೊರಳಿಸಿ, ಗಂಜಿ ಕುಡಿಸಿ ಬರುವ ಹೊತ್ತಿಗೆ ಇಲ್ಲಿ ಹಂಚುಗಳು ಕಾದು ಬಹಳ ಹೊತ್ತಾಗಿರುತ್ತಿತ್ತು. ಅವಳ ಬೆಳಗಿನ ಪಾಲನ್ನು ದಿನಕ್ಕೊಬ್ಬಳು ಬಡಿಯುತ್ತಿದ್ದಳು. ಅವಳು ಅದನ್ನು ಹಬ್ಬಗಳಲ್ಲಿ ತೀರಿಸುತ್ತಿದ್ದಳು. ಪಂಚಮಿಗೆ ಎಲ್ಲರೂ ತವರಿಗೆ ಓಡುತ್ತಾರೆ. ಕಾಶವ್ವನಿಗೆ ತವರಿಲ್ಲ. ಹಬ್ಬದ ದಿನಗಳಲ್ಲಿ ಗಂಡನನ್ನು ರಜೆಯಲ್ಲಿ ಮನೆಯಲ್ಲಿರುವ ನೆರೆಯವರಿಗೆ ಒಪ್ಪಿಸಿ, ಹಿಟ್ಟಿನ ಗುಡ್ಡೆಯ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು, ಇವರೆಲ್ಲರ ಋಣ ಬಡಿದು ಬಡಿದು ತೀರಿಸುತ್ತಿದ್ದಳು. ಆ ಕೆಲಸ ಹೋದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಯಾವ ಮನೆಗೆಲಸದವಳನ್ನು ಯಾರು ಹತ್ತು ಗಂಟೆಗೆ ಬಾ ಎನ್ನುತ್ತಾರೆ?

ಸಾಹೇಬ ದಿನವೂ ಬೆಳಿಗ್ಗೆ ಹೇಳುತ್ತಿದ್ದ ಮಾತೊಂದಿತ್ತು. "ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಏನಿದ್ದರೂ ಹೆದರದೆ ಬಂದು ಹೇಳಿ." ಆತನ ಕೋಣೆಯಲ್ಲಿ ಏಸಿ ಇದ್ದುದರಿಂದ ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು, ಆ ಮಾತು ಬೇರೆ. ಕಾಶವ್ವ ಅದನ್ನು ನಂಬಿದಳು.

"ಯಕ್ಕಾ, ಕದ್ದು ಮಾಡಿದಂಗ ಅನಸ್ತೈತಿ. ಹೋಗಿ ಹೇಳಿಬಿಡ್ತೀನಿ. ಬೆಳಗಿನ ಹೊತ್ತು ನನಗ ಒಂದೀಟು ತಡಾ ಕೊಟ್ರ, ಸಂಜಿ ಮುಂದ ಪಾತ್ರಿ ತಿಕ್ಕಿ ಹೋಗ್ತೀನಿ ಅಂತೀನಿ."

"ಬ್ಯಾಡ. ನಡದದ್ದು ನಡೀಲಿ" ಎಂದೆ.

"ಕುಟುಂಬ ಅಂದಾರಲ್ಲಬೇ ಅವರು."

ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಅವಳು ಸೆರಗು ಬಾಯಿಗೆ ಹಿಡಿದು ಎಲ್ಲ ಹೇಳಿದಳು. ಗಂಡನ ಮಾತು ಹೇಳಿದಳು, ಮುಯ್ಯಿಯ ಮಾತು ಹೇಳಿದಳು. ಅಷ್ಟು ಹೊತ್ತೂ ಸಾಹೇಬ ಕಂಪ್ಯೂಟರಿನ ಪರದೆ ನೋಡುತ್ತ "ಹೂಂ, ಹೂಂ" ಎನ್ನುತ್ತಿದ್ದ. ಕೊನೆಗೆ, "ವೆರಿ ಗುಡ್. ನಿಜ ಹೇಳುವವರು ನನಗೆ ಇಷ್ಟ. ಇದಕ್ಕೊಂದು ಸಿಸ್ಟಮ್ ಮಾಡೋಣ" ಎಂದ. ಕಾಶವ್ವ ಹೊರಗೆ ಬಂದು, ತಗಡಿನ ಗೋಡೆಗೆ ಒರಗಿ, ಕೈ ಮುಗಿದಳು. ಯಾರಿಗೆ ಮುಗಿದಳೋ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿದ.

"ನಿಮ್ಮಲ್ಲೇ ಒಬ್ಬರು ನನ್ನ ಹತ್ತಿರ ಬಂದು ನಿಜ ಹೇಳಿದ್ದಾರೆ. ಹೆಸರು ಹೇಳುವುದಿಲ್ಲ. ಇಲ್ಲಿ ಒಬ್ಬರ ಕೆಲಸ ಇನ್ನೊಬ್ಬರು ಮಾಡಿ ಕಂಪನಿಗೆ ಮೋಸ ಆಗುತ್ತಾ ಇದೆಯಂತೆ. ಧೈರ್ಯವಾಗಿ ಹೇಳಿದ ಆ ತಾಯಿಗೆ ಎಲ್ಲರೂ ಚಪ್ಪಾಳೆ ತಟ್ಟಿ."

ಹೆಸರು ಹೇಳಲಿಲ್ಲ, ಸರಿ. ಹಿಂದಿನ ದಿನ ಅವಳು ಕೋಣೆಯೊಳಗೆ ಹೋದದ್ದನ್ನು ಇಡೀ ಶೆಡ್ಡೇ ನೋಡಿತ್ತು. ಎಲ್ಲರ ತಲೆಯೂ ಕಾಶವ್ವನ ಕಡೆ ತಿರುಗಿತು. ಆಮೇಲೆ ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ. ನನ್ನ ಪಕ್ಕದಲ್ಲಿದ್ದ ತಾರಾಬಾಯಿ ಅವಳ ಮುಖ ನೋಡುತ್ತಲೇ, ಹಿಟ್ಟಿಗೆ ಹೊಡೆದ ಹಾಗೆ ಹೊಡೆದಳು.

ಅಂದಿನಿಂದ ಬಿಲ್ಲೆ ಬಂತು. ಬಾಗಿಲ ಬಳಿ ಎರಡು ಹಲಗೆ, ಸಾಲಾಗಿ ಮೊಳೆ. ಒಬ್ಬೊಬ್ಬರಿಗೆ ಒಂದೊಂದು ತಗಡಿನ ಬಿಲ್ಲೆ. ಬಂದ ಕೂಡಲೇ ತನ್ನ ಬಿಲ್ಲೆಯನ್ನು ಕೆಂಪು ಹಲಗೆಯಿಂದ ತೆಗೆದು ಹಸಿರು ಹಲಗೆಗೆ ಹಾಕಬೇಕು. ಗಂಟೆ ಹೊಡೆದ ಮೇಲೆ ಕೆಂಪಿನಲ್ಲಿ ಉಳಿದ ಬಿಲ್ಲೆ ತಡ. ತಿಂಗಳಲ್ಲಿ ಮೂರು ಸಲ ತಡವಾದರೆ ಮನೆಗೆ. ಒಬ್ಬರ ಹಿಟ್ಟನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರಜೆ ಬೇಕಿದ್ದರೆ ಮೊದಲೇ ಅರ್ಜಿ ಕೊಡಬೇಕು. ಕೂಸಿನ ಜ್ವರ ಮೊದಲೇ ಅರ್ಜಿ ಕೊಟ್ಟು ಬರುತ್ತದೆಯೇ ಎಂದು ನಾನು ಕೇಳಿದೆ. "ನೆಗೆಟಿವ್ ಮಾತಾಡಬೇಡಿ ಅಮ್ಮಾ" ಎಂದ.

ಆತ ಕೆಟ್ಟವನಲ್ಲ ಎಂಬುದನ್ನೂ ಬರೆಯಬೇಕು. ಲಂಚ ಮುಟ್ಟಲಿಲ್ಲ. ಹೆಣ್ಣುಮಕ್ಕಳ ಕಡೆ ಒಂದು ದಿನವೂ ಕೆಟ್ಟ ಕಣ್ಣಿನಿಂದ ನೋಡಲಿಲ್ಲ. ನೋಡಿದರಲ್ಲವೇ ಒಳ್ಳೆಯ ಕಣ್ಣು, ಕೆಟ್ಟ ಕಣ್ಣು? ನಾನು ಕೋಣೆಗೆ ಹೋಗಿ, "ಸಾಹೇಬ್ರ, ಆಕಿ ನಿಮ್ಮನ್ನ ನಂಬಿ ಹೇಳಿದ್ದಳ್ರಿ. ಆಕೀನ್ನ ಚಾಡಿಕೋರಿ ಮಾಡಿಬಿಟ್ರಿ" ಎಂದಾಗ ಆತನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನು ಅವರನ್ನು ಹೊಗಳಿದೆನಲ್ಲ ಅಮ್ಮಾ! ಚಪ್ಪಾಳೆ ತಟ್ಟಿಸಿದೆನಲ್ಲ!" ಎಂದ. ಹೊಡೆದವನಿಗೆ ಹೊಡೆದೆ ಎಂದು ಗೊತ್ತಿದ್ದರೆ ಕೇಳುವ ದಾರಿ ಒಂದಿರುತ್ತದೆ. ತಲೆ ಸವರಿದೆ ಎಂದುಕೊಂಡವನನ್ನು ಏನು ಕೇಳುವುದು? ಬಾಗಿಲು ಎಳೆದುಕೊಂಡು ಬಂದೆ. ಆಮೇಲೆ ಆ ಕೋಣೆಗೆ ಯಾರೂ ನಿಜ ಹೇಳಲು ಹೋಗಲಿಲ್ಲ. ಹಿಟ್ಟಿನಲ್ಲಿ ಹುಳ ಬಿದ್ದರೂ ಹೇಳಲಿಲ್ಲ, ಗ್ಯಾಸಿನ ಪೈಪು ಸೀಳಿದರೂ ಹೇಳಲಿಲ್ಲ. ನಾವೇ ಜರಡಿ ಹಿಡಿದೆವು, ನಾವೇ ಪೈಪಿಗೆ ಬಟ್ಟೆ ಸುತ್ತಿದೆವು. ಸಾಹೇಬ, "ಈಗ ಸಮಸ್ಯೆಗಳೇ ಇಲ್ಲ ನೋಡಿ" ಎನ್ನುತ್ತಿದ್ದ.

ಕಾಶವ್ವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವಳು ಹೋಗಿದ್ದು ತನ್ನ ಹೊತ್ತು ಕೇಳಿಕೊಳ್ಳಲು, ಚಾಡಿ ಹೇಳಲು ಅಲ್ಲ ಎಂದು ನಾನು ಹೇಳಿದರೂ ಕೇಳಲಿಲ್ಲ.

"ಕೇಳೂದಿತ್ತಂದ್ರ ತನ್ನದಷ್ಟ ಕೇಳಬೇಕಿತ್ತು. ನಮ್ಮ ಮುಯ್ಯಿ ಮಾತು ಅಲ್ಲಿ ಯಾಕ ಬಿಚ್ಚಬೇಕಿತ್ತು ಆಕಿ?" ಎಂದಳು ತಾರಾಬಾಯಿ. ಹೆಂಗಸರೇನು ದೇವತೆಗಳಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಕಾಶವ್ವನ ಬಟ್ಟಲಿನ ಸುತ್ತ ಜಾಗ ಬಿಟ್ಟು ಕೂರುತ್ತಿದ್ದರು, ಮೈಲಿಗೆಯಾದವಳ ಹಾಗೆ.

ಅವಳು ಗಂಡನನ್ನು ಅರ್ಧಂಬರ್ಧ ತೊಳೆದು ಓಡೋಡಿ ಬರತೊಡಗಿದಳು. ಅವನ ಬೆನ್ನಿನಲ್ಲಿ ಹುಣ್ಣಾಯಿತು. ಆದರೂ ಒಂದು ಸಲ ತಡವಾಯಿತು. ಇನ್ನೊಂದು ಸಲವೂ ಆಯಿತು. ಮೂರನೆಯದರ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಂಚು ಕಾದಿವೆ. ಎಲ್ಲರ ಬಿಲ್ಲೆಯೂ ಹಸಿರಿಗೆ ಬಂದಿದೆ. ಕೆಂಪು ಹಲಗೆಯಲ್ಲಿ ಒಂದೇ ಒಂದು ನೇತಾಡುತ್ತಿದೆ. ಗಂಟೆ ಹೊಡೆಯುವ ವಾಚ್‌ಮನ್ ಚಾಚಾ ಕೈಗಡಿಯಾರ ನೋಡಿಕೊಂಡು ನಿಂತಿದ್ದಾನೆ. ಯಾರೂ ರೊಟ್ಟಿ ಬಡಿಯುತ್ತಿಲ್ಲ. ನಾನು ಮುಖ್ಯಳು. ನಾನು ಆ ಬಿಲ್ಲೆ ಮುಟ್ಟಿದ್ದು ತಿಳಿದರೆ ಇಡೀ ಸಾಲಿಗೇ ಏಟು. ಕೂತಲ್ಲೇ ಕೂತಿದ್ದೆ.

ತಾರಾಬಾಯಿ ಎದ್ದಳು. ಕೈಗೆ ಹತ್ತಿದ ಹಿಟ್ಟನ್ನು ಸೀರೆಗೆ ಒರೆಸಿಕೊಂಡು, ಬೈಯುತ್ತಲೇ ಹೋಗಿ, ಕಾಶವ್ವನ ಬಿಲ್ಲೆ ಕಿತ್ತು ಹಸಿರು ಮೊಳೆಗೆ ತಗುಲಿಸಿದಳು.

ಚಾಚಾ, "ಏ ಅಮ್ಮಾ, ಕ್ಯಾ ಕರ್ ರಹೇ?" ಎಂದ.

"ನೀ ಗಂಟಿ ಹೊಡಿ ಚಾಚಾ. ನಿನಗ ನಾ ಕಂಡಿಲ್ಲ, ನನಗ ನೀ ಕಂಡಿಲ್ಲ."

ಚಾಚಾ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಗಂಟೆ ಹೊಡೆದ.

ತಾರಾಬಾಯಿ ತಿರುಗಿ ಬಂದು ಕೂತಾಗ, "ಆಕಿ ಕೂಡ ನಿಂದು ಮಾತಿಲ್ಲ ಕತಿ ಇಲ್ಲ. ಮತ್ತ ನಿನಗ್ಯಾಕ ಬೇಕಿತ್ತ?" ಎಂದು ಕೇಳಿದೆ.

"ಹೋದ ಪಂಚಮಿಗಿ ನಾ ತವರಿಗಿ ಹೋದಾಗ ನನ್ನ ಜಾಗಾದಾಗ ಕುಂತಾಕಿ ಆಕೀನ. ಆ ಮುಯ್ಯಿ ಇನ್ನಾ ನನ್ನ ತಲಿ ಮ್ಯಾಲ ಐತಿ. ಮೊದಲ ಅದನ್ನ ತೀರಸ್ತೀನಿ. ಆಮ್ಯಾಲ ಆಕಿ ಕೂಡ ಜಗಳಾಡ್ತೀನಿ" ಎಂದಳು.

ಜಗಳವೂ ಆಯಿತು. ಅಂದು ಮಧ್ಯಾಹ್ನ ಇಬ್ಬರೂ ಬಟ್ಟಲು ಬಿಟ್ಟು ಎದ್ದು ನಿಂತು, ಹಿಂದಿನ ಜನ್ಮದ್ದೆಲ್ಲ ಎತ್ತಿ ಆಡಿ, ಅತ್ತು, ಕೊನೆಗೆ ಒಂದೇ ಉಪ್ಪಿನಕಾಯಿ ಹೋಳನ್ನು ಹರಿದು ತಿಂದರು. ಉಳಿದವರೂ ಸರಿದು ಹತ್ತಿರ ಕೂತರು.

ಮುಯ್ಯಿ ಮತ್ತೆ ನಡೆಯಿತು. ಆದರೆ ಹಿಂದಿನಂತೆ ಅಲ್ಲ. ಮೊದಲು ಹಾಡು ಹೇಳಿಕೊಂಡು, ಒಬ್ಬರನ್ನೊಬ್ಬರು ಆಡಿಕೊಂಡು ಎಲ್ಲರೆದುರು ಮಾಡುತ್ತಿದ್ದುದನ್ನು ಈಗ ಬಾಗಿಲ ಕಡೆ ಒಂದು ಕಣ್ಣಿಟ್ಟು ಕಳ್ಳರಂತೆ ಮಾಡಿದೆವು. ಬಿಲ್ಲೆ ಯಾರು ಹಾಕಬೇಕು, ಸಾಹೇಬ ಬಂದರೆ ಯಾರು ಕೆಮ್ಮಬೇಕು, ಎಲ್ಲ ಗೊತ್ತುಮಾಡಿಕೊಂಡೆವು. ಸುಳ್ಳು ಹೇಳಲು ಬಾರದ ಮಲ್ಲಮ್ಮನಿಗೂ ಕಲಿಸಿದೆವು. ನಿಯತ್ತಿನ ಹೆಂಗಸರನ್ನು ಸುಳ್ಳುಬುರುಕಿಯರನ್ನಾಗಿ ಮಾಡಿದ್ದೇ ಆತನ ಸಿಸ್ಟಮ್ಮಿನ ಸಾಧನೆ. ಹಸಿರು ಹಲಗೆ ದಿನವೂ ತುಂಬಿರುತ್ತಿತ್ತು. ಆತ ಅದರ ಫೋಟೋ ತೆಗೆದು ಹೆಡ್ಡಾಫೀಸಿಗೆ ಕಳಿಸಿದ. ಮೊನ್ನೆ ಸಂಘದಲ್ಲಿ ಹೆಮ್ಮೆಯಿಂದ ಹೇಳಿದನಲ್ಲ, ಒಬ್ಬ ಹೆಣ್ಣುಮಗಳೂ ತಡವಾಗಿ ಬರಲಿಲ್ಲ ಎಂದು, ಅದು ಆ ಹಲಗೆಯ ಮಾತು. ನಮ್ಮ ಮಾತಲ್ಲ.

ಹಲಗೆಯಿಂದಲೇ ಆತನಿಗೆ ಬಡ್ತಿ ಬಂತು. ಮುಂಬೈಗೆ ಹೋಗುವ ಮುಂಚೆ ಬೀಳ್ಕೊಡುಗೆ ಇಟ್ಟರು. ಹೆಡ್ಡಾಫೀಸಿನ ದೊಡ್ಡ ಅಧಿಕಾರಿ ಬೆಳಿಗ್ಗೆಯೇ ಬಂದರು. ಶೆಡ್ಡಿನ ಮುಂದೆ ಕುರ್ಚಿ ಹಾಕಿ, ಮೈಕು ಇಟ್ಟು, ನಮಗೆ ಟೋಪಿ, ಏಪ್ರನ್ ಹಾಕಿಸಿ, ಮೂಗಿಗೆ ಬಟ್ಟೆ ಕಟ್ಟಿಸಿ ನಿಲ್ಲಿಸಿದರು. ಸಾಹೇಬ ಗದ್ಗದಿತನಾಗಿ ಮಾತಾಡಿದ. ಕೊನೆಗೆ, ಒಬ್ಬರಿಗೆ ವಿಶೇಷ ಬಹುಮಾನ ಎಂದು ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಎತ್ತಿಕೊಂಡ.

"ಹೊಸ ಪದ್ಧತಿ ಬಂದ ಮೊದಲ ತಿಂಗಳು ಎರಡು ಸಲ ತಡ. ಆಮೇಲೆ ಇವತ್ತಿನವರೆಗೆ ಒಂದು ದಿನವೂ ಇಲ್ಲ! ಮನುಷ್ಯ ಹೇಗೆ ಬದಲಾಗಬಹುದು ನೋಡಿ. ಕಾಶವ್ವ, ಬನ್ನಿ ಅಮ್ಮಾ!"

ಕಾಶವ್ವ ಬಂದಿರಲಿಲ್ಲ. ಆ ಹೊತ್ತಿಗೆ ಅವಳು ಎಂದಿನಂತೆ ಗಂಡನ ಬೆನ್ನಿಗೆ ಪುಡಿ ಹಾಕುತ್ತಿದ್ದಿರಬೇಕು. ಅವಳ ಬಿಲ್ಲೆ ಮಾತ್ರ ಹಸಿರಿನಲ್ಲಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸಾಹೇಬ ಇನ್ನೊಮ್ಮೆ ಕರೆದ. ಚಾಚಾ ಮೋಡ ನೋಡತೊಡಗಿದ.

ತಾರಾಬಾಯಿ ಮೂಗಿನ ಬಟ್ಟೆಯನ್ನು ಸರಿಯಾಗಿ ಮೇಲೆಳೆದುಕೊಂಡು ಮುಂದೆ ಹೋದಳು. ಕಾಶವ್ವ ಕುಳ್ಳಿ, ಒಣಕಲು. ಇವಳು ಆಳೆತ್ತರದವಳು, ಎರಡಾಳಿನ ಮೈ. ಸಾಹೇಬ ನಗುತ್ತ ಗಡಿಯಾರ ಕೊಟ್ಟ. ಹಾಗೇ ಏನೋ ನೆನಪಾದವನಂತೆ, ಅಧಿಕಾರಿಗೂ ಕೇಳುವಂತೆ, "ಇವರ ಮನೆಯವರಿಗೆ ಏನೋ ಪೆಟ್ಟಾಗಿತ್ತು ಸಾರ್. ಈಗ ಹೇಗಿದ್ದಾರೆ ಅಮ್ಮಾ?" ಎಂದ.

"ಆರಾಮದಾರ್ರಿ ಸಾಹೇಬ್ರ. ಓಡ್ಯಾಡಾಕತ್ತಾರ" ಎಂದಳು ತಾರಾಬಾಯಿ.

"ನೋಡಿದಿರಾ ಸಾರ್!" ಎಂದು ಆತ ಅಧಿಕಾರಿಯ ಕಡೆ ತಿರುಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು.

ಕಾಶವ್ವ ಹಿಂದಿನ ಬಾಗಿಲಿನಿಂದ ಬಂದಾಗ ಸಾಹೇಬ ಕಾರಿನಲ್ಲಿ ಕೂರುತ್ತಿದ್ದ. ತಾರಾಬಾಯಿ ಗಡಿಯಾರವನ್ನು ಅವಳ ಮಡಿಲಿಗೆ ಹಾಕಿ, "ತಗೋ, ನಿಂದು. ನಿನ್ನ ಗಂಡನ್ನ ಓಡ್ಯಾಡಿಸಿ ಬಂದೀನಿ" ಎಂದಳು.

ಏನಾಯಿತೆಂದು ನಾವು ಹೇಳಿದೆವು. ಕಾಶವ್ವ ಗಡಿಯಾರದ ಮೇಲಿನ ಬಣ್ಣದ ಕಾಗದವನ್ನು ಬೆರಳಿನಿಂದ ಸವರಿದಳು.

"ಖರೇನ ಹಂಗ ಅಂದೇನ? ಓಡ್ಯಾಡಾಕತ್ತಾನಂತ?"

"ಅಂದೆ."

"ಸಾಹೇಬ ನಂಬಿದನ?"

"ನಂಬಿದ."

"ಸಾಹೇಬನ ತಲ್ಯಾಗರ ನನ್ನ ಗಂಡ ಓಡ್ಯಾಡ್ಲಿ ಬಿಡು" ಎಂದು ಕಾಶವ್ವ ಏಪ್ರನ್ ಕಟ್ಟಿಕೊಂಡು ಹಿಟ್ಟಿನ ಮುಂದೆ ಕೂತಳು.